ಬೆಕ್ಕನ್ನು ಎಬ್ಬಿಸಲಾರದ ಮಾಷ್ಟ್ರು

ಚಂದ್ರಹಾಸ ನಮ್ಮ ಮನೆಗೆ ಬಂದ ಮೊದಲ ನಾಲ್ಕು ದಿನ ನಿಂತುಕೊಂಡೇ ಊಟ ಮಾಡಿದ. ಕುರ್ಚಿ ಇರಲಿಲ್ಲ ಅಂತಲ್ಲ. ಕುರ್ಚಿ ಇತ್ತು, ಅದರ ಮೇಲೆ ಬೆಕ್ಕು ಮಲಗಿತ್ತು. ಆರಡಿ ಎತ್ತರದ ಆಳು, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಮೂಗಿನ ಕೆಳಗೆ ಪೊಲೀಸರಿಗೂ ಇಲ್ಲದಂಥ ಮೀಸೆ. ಅಂಥವನು ಒಂದು ಕೈಯಲ್ಲಿ ಬಟ್ಟಲು ಹಿಡಿದು, ಗೋಡೆಗೆ ಒರಗಿ, ಬೆಕ್ಕು ತಾನಾಗಿ ಎದ್ದೀತು ಅಂತ ಕಾಯುತ್ತ ಅನ್ನ ಸಾರು ಉಣ್ಣುತ್ತಿದ್ದ. ಐದನೇ ದಿನ ನಾನು ಕೇಳಿಯೇ ಬಿಟ್ಟೆ.

“ನಿನಗೆ ಮೂಲವ್ಯಾಧಿಯಾ ಎಂಥದು?”

ಅವನ ಕಿವಿ ಕೆಂಪಾಯಿತು. “ಇಲ್ಲಜ್ಜಿ. ಅದು ಮಲಗಿದೆಯಲ್ಲ.”

“ಮಲಗಿದರೆ ಎಬ್ಬಿಸು.”

“ಹೇಗೆ ಎಬ್ಬಿಸುವುದು? ಅಲ್ಲೇ ಬಂದು ಮಲಗಲಿಕ್ಕೆ ಅದಕ್ಕೂ ಒಂದು ಕಾರಣ ಇರಬಹುದು.”

ನಾನು ಬೆಕ್ಕಿನ ಕುತ್ತಿಗೆ ಹಿಡಿದು ಹೊರಗೆ ಬಿಟ್ಟೆ. ಅವನು ಬೆಕ್ಕಿನ ಕಡೆ ತಪ್ಪಾಯಿತು ಅನ್ನುವ ಹಾಗೆ ನೋಡಿ, ಕುರ್ಚಿಯ ತುದಿಯಲ್ಲಿ ಮದುವೆಗೆ ಕರೆಯದೆ ಬಂದವರ ಹಾಗೆ ಕೂತ. ಈ ಮನುಷ್ಯ ಎಂಥ ಆಗಲಿಕ್ಕೆ ಕೊಚ್ಚಿಗೆ ಬಂದದ್ದು ಅಂತ ಮಗಳ ಹತ್ತಿರ ಕೇಳಿದೆ. ಮಾಷ್ಟ್ರಾಗಲಿಕ್ಕೆ ಅಂದಳು. ನನಗೆ ನಗು ಬಂದು ಸಾರು ನೆತ್ತಿಗೆ ಹತ್ತಿತು.

ನಾವಾಗ ಕೊಚ್ಚಿಯ ಕಲೂರಿನಲ್ಲಿ ಇದ್ದೆವು, ಸ್ಟೇಡಿಯಂ ಹಿಂದಿನ ಗಲ್ಲಿಯಲ್ಲಿ. ಮಗಳು ಸವಿತಾ, ಅಳಿಯ, ಇಬ್ಬರಿಗೂ ಐಟಿ ಪಾರ್ಕಿನಲ್ಲಿ ಕೆಲಸ. ಮೊಮ್ಮಗಳು ಮಿನ್ನು ಎರಡನೇ ಕ್ಲಾಸು. ನಾನು ಹೇಳುವ ಕನ್ನಡ ಎಲ್ಲ ಅವಳಿಗೆ ಅರ್ಥ ಆಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಮಹಡಿಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ನಮ್ಮ ಕಾಸರಗೋಡು ಕಡೆಯ ಹುಡುಗ, ಪೆರ್ಲದವನು, ಇಲ್ಲಿ ಬಿ.ಎಡ್. ಓದುತ್ತಾನೆ, ಮನೆಯಲ್ಲೇ ಇದ್ದರೆ ಮಿನ್ನುವಿನ ಬಾಯಲ್ಲಿ ನಾಲ್ಕು ಕನ್ನಡ ಬಂದೀತು ಅಂತ ಸವಿತಾ ಅವನನ್ನು ಕರೆದುಕೊಂಡು ಬಂದಳು. ಆದದ್ದು ಉಲ್ಟಾ. ಒಂದು ವಾರದಲ್ಲಿ ಮಿನ್ನು ಅವನನ್ನೇ ಮಲಯಾಳಕ್ಕೆ ಎಳೆದುಹಾಕಿದಳು. ಅವಳಿಗೆ ಏಳು ವರ್ಷ, ಅವನಿಗೆ ಇಪ್ಪತ್ತಾರು. ಅವನು ಅವಳನ್ನು “ನೀವು” ಅನ್ನುತ್ತಿದ್ದ, ಅವಳು ಅವನನ್ನು “ಎಡಾ ಮಾಷೇ”, ಅಂದರೆ ಏಯ್ ಮಾಷ್ಟ್ರೇ, ಅನ್ನುತ್ತಿದ್ದಳು.

ಯಾರಿಗೂ ಒಂದು ಕೆಲಸ ಹೇಳಲಿಕ್ಕೆ ಅವನಿಂದ ಆಗುತ್ತಿರಲಿಲ್ಲ. ಒಂದು ದಿನ ಆಟೋದವನು ದಾರಿ ತಪ್ಪಿ ಎಡಪ್ಪಳ್ಳಿ ಕಡೆ ಹೋದ. ತಿರುಗಿಸಿ ಅಂತ ಹೇಳಲಿಕ್ಕೆ ಬಾಯಿ ಬಾರದೆ ಇವನು ಎಡಪ್ಪಳ್ಳಿಯಲ್ಲೇ ಇಳಿದು, ಥ್ಯಾಂಕ್ಸ್ ಹೇಳಿ, ಬಸ್ಸು ಹಿಡಿದು ವಾಪಸ್ಸು ಬಂದ. ಕ್ಷೌರದಂಗಡಿಯಲ್ಲಿ ಸಾಕು ಅನ್ನಲಿಕ್ಕಾಗದೆ ತಲೆ ಅರ್ಧ ಬೋಳು ಮಾಡಿಸಿಕೊಂಡು ಬಂದದ್ದೂ ಉಂಟು. ಅದರಲ್ಲೂ “ಕೂತ್ಕೊ” ಅನ್ನುವ ಒಂದು ಮಾತು ಅವನ ಬಾಯಿಂದ ಹೊರಗೇ ಬರುತ್ತಿರಲಿಲ್ಲ. “ತೊಂದರೆ ಇಲ್ಲದಿದ್ದರೆ ಕೂರಬಹುದಲ್ಲ” ಅನ್ನುತ್ತಿದ್ದ. “ಒಂದು ವೇಳೆ ಕೂರುವ ಮನಸ್ಸಿದ್ದರೆ” ಅನ್ನುತ್ತಿದ್ದ. ಅಷ್ಟು ಹೇಳಿ ಮುಗಿಸುವಾಗ ಎದುರಿನವರು ಕೂತು, ಎದ್ದು, ಹೊರಟೇ ಹೋಗಿರುತ್ತಿದ್ದರು.

ಇಂಥವನಿಗೆ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಏನು ಗೊತ್ತುಂಟಾ? ಗಲಾಟೆ ಮಾಡುವ ಮಕ್ಕಳನ್ನು ಕ್ಲಾಸಿನಲ್ಲಿ ಹತೋಟಿಯಲ್ಲಿ ಇಡುವುದು ಹೇಗೆ ಅಂತ. ಅದಕ್ಕೊಂದು ದೊಡ್ಡ ಹೆಸರು, ದೊಡ್ಡ ಪುಸ್ತಕ, ಇಷ್ಟು ದಪ್ಪದ ಫೈಲು. ಫೈಲಿನಲ್ಲಿ ಬಣ್ಣ ಬಣ್ಣದ ಚೀಟಿ. ಒಳ್ಳೆಯವರಿಗೆ ನಕ್ಷತ್ರ, ಗಲಾಟೆಯವರಿಗೆ ಮೋಡ. ಎರಡು ಚಪ್ಪಾಳೆ ಹೊಡೆದರೆ ಮೌನ, ಮೂರು ಹೊಡೆದರೆ ಪುಸ್ತಕ ತೆರೆಯಬೇಕು. ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆಗೆ ಹೋದವಳು, ಆ ಫೈಲು ಓದಲಿಕ್ಕೆ ನನಗೆ ಬಾರದು. ಆದರೆ ಅದರ ಚಂದ ನೋಡಿದಾಗಲೇ ಇದು ಮಕ್ಕಳನ್ನು ನೋಡದವರು ಮಾಡಿದ್ದು ಅಂತ ಗೊತ್ತಾಯಿತು.

ಬಿ.ಎಡ್. ಓದುವವರು ಸುಮ್ಮನೆ ಓದಿದರೆ ಸಾಲದು, ಹತ್ತಿರದ ಒಂದು ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಇವನಿಗೆ ಸಿಕ್ಕಿದ್ದು ಎಂಟನೇ ಕ್ಲಾಸು ಬಿ, ಗಣಿತ. ಕಾಲೇಜಿನ ಮೇಡಂ ಮೂರು ಸಲ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ನೋಡಿ, ಕಾಗದದಲ್ಲಿ ಬರೆಯುತ್ತಾರೆ. ಮೂರರಲ್ಲಿ ಒಂದು ಸಲವಾದರೂ ಪಾಸಾಗಬೇಕು, ಇಲ್ಲದಿದ್ದರೆ ಈ ಪಾಠದ ಕೆಲಸ ಪೂರ್ತಿ ಮುಂದಿನ ವರ್ಷ ಮತ್ತೆ ಮಾಡಬೇಕು. ಇವನ ಅಕ್ಕನ ಗಂಡ ಫೋರ್ಟ್ ಕೊಚ್ಚಿಯಲ್ಲಿ ಹೋಟೆಲು ನಡೆಸುತ್ತಿದ್ದ. ಅವನಿಗೆ ಮೊದಲಿಂದಲೂ ಈ ಓದಿನ ಮೇಲೆ ನಂಬಿಕೆ ಇಲ್ಲ. ಒಂದು ವರ್ಷ ಹೆಚ್ಚಾದರೆ ಓದು ಬಂದ್, ಬಂದು ನನ್ನ ಹೋಟೆಲಿನ ಬಾಗಿಲಲ್ಲಿ ನಿಲ್ಲು, ಬರುವ ಫಾರಿನ್ನಿನವರಿಗೆ ಕೈ ಮುಗಿ, ನಿನ್ನ ವಿನಯಕ್ಕೆ ಅದೇ ಸರಿ ಅಂತ ಹೇಳಿಬಿಟ್ಟಿದ್ದ. ಇವನಿಗೋ ಚಿಕ್ಕಂದಿನಿಂದ ಮಾಷ್ಟ್ರಾಗುವುದೊಂದೇ ಹುಚ್ಚು. ಪೆರ್ಲದಲ್ಲಿ ಇದ್ದಾಗ ಕೋಳಿಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದನಂತೆ. ಕೋಳಿಗಳು ಕೂತು ಕೇಳುತ್ತಿದ್ದವಾ ಅಂತ ಕೇಳಿದೆ. “ಅವುಗಳಿಗೆ ಹೆಕ್ಕುವ ಕೆಲಸ ಇತ್ತು ಅಜ್ಜಿ” ಅಂದ.

ಮೊದಲನೆಯ ಸಲ ಮೇಡಂ ಬಂದ ದಿನ ಅವನು ಮನೆಗೆ ಬಂದಾಗ ಮುಖ ಒಣಗಿದ ಬಂಗುಡೆ ಮೀನಿನ ಹಾಗಿತ್ತು. ಅನ್ನ ಬಡಿಸಿದೆ. ಕುರ್ಚಿಯಲ್ಲಿ ಬೆಕ್ಕು ಇತ್ತು, ಅವನು ನಿಂತೇ ಹೇಳಿದ.

“ಎರಡು ಚಪ್ಪಾಳೆ ಹೊಡೆದೆ, ಅಜ್ಜಿ.”

“ಸುಮ್ಮನಾದರಾ?”

“ಅವರೂ ಹೊಡೆದರು.”

“ಎಷ್ಟು ಹೊತ್ತು?”

“ಪಕ್ಕದ ಕ್ಲಾಸಿನವರೂ ಸೇರಿಕೊಂಡರು. ಕೊನೆಗೆ ಹೆಡ್ ಟೀಚರು ಬಂದು ನಿಲ್ಲಿಸಿದರು.”

ಎಂಟು ಬಿ ಕ್ಲಾಸಿನಲ್ಲಿ ಜೋಸ್ನಾ ಅಂತ ಒಬ್ಬಳು. ಎರಡು ಜಡೆ, ಮುರಿದ ಒಂದು ಹಲ್ಲು. ಚಪ್ಪಾಳೆಗೆ ತಾಳ ಹಾಕಿದವಳು ಅವಳೇ. ಯಾಕೆ ಹೀಗೆ ಮಾಡ್ತೀರಿ ಅಂತ ಇವನು ವಿನಯದಿಂದ ಕೇಳಿದ್ದಕ್ಕೆ “ಮಾಷೇ, ನೀವಲ್ಲವಾ ಶುರು ಮಾಡಿದ್ದು?” ಅಂದಳಂತೆ. ಅದನ್ನು ಹೇಳಿ ಇವನು “ಅವಳು ಹೇಳಿದ್ದರಲ್ಲೂ ನ್ಯಾಯ ಉಂಟು” ಅಂದ. ಮೇಡಂ ಬರೆದದ್ದನ್ನು ಸವಿತಾ ಓದಿ ಹೇಳಿದಳು: ತರಗತಿ ಶಿಕ್ಷಕರ ಹಿಡಿತದಲ್ಲಿ ಇಲ್ಲ, ಶಿಕ್ಷಕರೇ ತರಗತಿಯ ಹಿಡಿತದಲ್ಲಿ ಇದ್ದಾರೆ.

ಮುಂದಿನ ಆದಿತ್ಯವಾರ ಅವನು ನಮ್ಮನ್ನೆಲ್ಲ ಹಾಲಿನಲ್ಲಿ ಕೂರಿಸಿದ. ಕೂರಿಸಿದ ಅಂದರೆ, ಕೂರುವ ಮನಸ್ಸಿದ್ದರೆ ಅಂದ, ನಾವು ಕೂತೆವು. ಪಾಠದ ಅಭ್ಯಾಸ ಆಗಬೇಕಿತ್ತು. ಸವಿತಾ ಒಳ್ಳೆಯ ಹುಡುಗಿ, ಮಿನ್ನು ಸಾಧಾರಣದವಳು, ನಾನು ಗಲಾಟೆಯವಳು. ಗಲಾಟೆ ನಿಜವಾಗಿ ಮಾಡಬೇಕು ಅಂತ ಅವನೇ ಹೇಳಿದ್ದು. ಹೇಳಿದ ಮೇಲೆ ನಾನು ಬಿಡುವವಳಲ್ಲ. ಕಡಲೆ ಸುಲಿದು ಸಿಪ್ಪೆ ಸವಿತಾಳ ತಲೆಗೆ ಹಾಕಿದೆ. ಪಕ್ಕದ ಮನೆಯವರ ಜಗಳದ ಸುದ್ದಿ ದೊಡ್ಡ ಸ್ವರದಲ್ಲಿ ಹೇಳಿದೆ. ಅವನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಉಚ್ಚೆಗೆ ಹೋಗಬೇಕು ಅಂತ ಕೈ ಎತ್ತಿದೆ. “ದಯವಿಟ್ಟು ಅಜ್ಜೀ, ಒಂದು ವೇಳೆ ಸಾಧ್ಯ ಆದರೆ...” ಅಂತ ಅವನು ಶುರು ಮಾಡುವಾಗ ಮಿನ್ನು ಎದ್ದು ಸೊಂಟಕ್ಕೆ ಕೈ ಇಟ್ಟು “ಅಮ್ಮಮ್ಮೇ, ಮಿಂಡಾದೆ ಇರಿ!” ಅಂತ, ಅಜ್ಜೀ ಮಾತಾಡದೆ ಕೂತ್ಕೊ ಅಂತ, ಮಲಯಾಳದಲ್ಲಿ ಗದರಿದಳು. ನಾನು ಬಾಯಿ ಮುಚ್ಚಿದೆ. ಚಂದ್ರಹಾಸ ಅವಳನ್ನು ದೇವರನ್ನು ನೋಡಿದ ಹಾಗೆ ನೋಡಿದ. ಆಮೇಲೆ ಫೈಲಿನಲ್ಲಿ ಏನೋ ಬರೆದುಕೊಂಡ.

“ಅಜ್ಜಿ, ನೀವು ನಿಜವಾಗಿ ಶಾಲೆಯಲ್ಲಿ ಹೀಗೆಯೇ ಇದ್ದಿರಾ?”

“ಇದಕ್ಕಿಂತ ಜೋರು. ನಾಲ್ಕನೇ ಕ್ಲಾಸಿನ ಮಾಷ್ಟ್ರು ಮಾತಾಡಿದ್ದಕ್ಕೆ ನನ್ನನ್ನು ಹೊರಗೆ ನಿಲ್ಲಿಸಿದರು. ಒಳಗೆ ಬಾ ಅನ್ನಲಿಕ್ಕೆ ಮರೆತರು. ನಾನು ಮನೆಗೆ ಹೋದೆ.”

“ಮರುದಿನ?”

“ಮರುದಿನ ದನ ಮೇಯಿಸಲಿಕ್ಕೆ ಹೋದೆ. ಅಷ್ಟೇ.”

ಅವನು ಬಾಯಿ ತೆರೆದು ನಿಂತ. ನನಗೆ ಸಿಟ್ಟು ಬಂತು. “ಎಂಥ ನೋಡ್ತೀಯ? ಓದಿದ್ದರೆ ನಾನೂ ನಿನ್ನ ಹಾಗೆ ಬೆಕ್ಕಿನ ಎದುರು ನಿಂತು ಉಣ್ಣುತ್ತಿದ್ದೆ” ಅಂದೆ. ಅವನು ಮತ್ತೆ ಫೈಲಿನಲ್ಲಿ ಏನೋ ಬರೆದ. ಯಾರನ್ನೂ ಹೊರಗೆ ನಿಲ್ಲಿಸಬಾರದು ಅಂತ ಬರೆದೆ ಅಂದ. ಒಂದು ಕೆಂಪು ಗೆರೆ ಬೇರೆ ಎಳೆದಿದ್ದ.

ಮಕ್ಕಳನ್ನು ಸುಮ್ಮನಾಗಿಸುವುದು ನನಗೆ ಗೊತ್ತಿತ್ತು. ಕುಂಬಳೆ ಹತ್ತಿರದ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಧ್ಯಾಹ್ನದ ಗಂಜಿ ಬೇಯಿಸಿದವಳು ನಾನು. ಹಸಿದ ಇನ್ನೂರು ಮಕ್ಕಳು ಬಟ್ಟಲು ಬಡಿಯುತ್ತ ಸಾಲಿನಲ್ಲಿ ನಿಂತರೆ ಮಾಷ್ಟ್ರುಗಳೆಲ್ಲ ಕೋಣೆ ಸೇರುತ್ತಿದ್ದರು. ನಾನು ಒಂದು ದಿನವೂ ಕಿರುಚಿದ್ದಿಲ್ಲ. ಗಲಾಟೆ ಹೆಚ್ಚಾದರೆ ಗಂಜಿ ತುಂಬಿದ ಸೌಟನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಬಿಡುತ್ತಿದ್ದೆ. ಯಾರ ಮುಖವನ್ನೂ ನೋಡಬಾರದು, ಪಾತ್ರೆಯನ್ನೇ ನೋಡುತ್ತ ಇರಬೇಕು. ಸೌಟು ಇಳಿಯುವುದಿಲ್ಲ ಅಂತ ಗೊತ್ತಾದ ಕೂಡಲೇ ಎದುರಿನವನು ಹಿಂದಿನವನ ಬಾಯಿ ಮುಚ್ಚಿಸುತ್ತಾನೆ, ಅವನು ಅವನ ಹಿಂದಿನವನದ್ದು. ಸಾಲಿನ ಕೊನೆಯವರೆಗೆ ಮೌನ ತಾನಾಗಿ ಹೋಗುತ್ತದೆ.

ಇದನ್ನು ಚಂದ್ರಹಾಸನಿಗೆ ಹೇಳಿಕೊಟ್ಟೆ. ಅಡುಗೆಮನೆಯಲ್ಲಿ ಸೌಟು ಹಿಡಿಸಿ ಕಲಿಸಿದೆ. “ನಿನ್ನ ಹತ್ತಿರ ಸೌಟು ಇಲ್ಲ, ಚಾಕ್ ಉಂಟು. ಲೆಕ್ಕದ ಅರ್ಧದಲ್ಲಿ ಚಾಕ್ ನಿಲ್ಲಿಸು. ಏನೇ ಆಗಲಿ ಕೈ ಇಳಿಸಬೇಡ, ತಿರುಗಿ ನೋಡಬೇಡ, ಮಾತಾಡಬೇಡ. ಅವರೇ ಸುಮ್ಮನಾಗುತ್ತಾರೆ.”

“ಏನೇ ಆದರೂ?”

“ಭೂಮಿ ಬಾಯಿ ಬಿಟ್ಟರೂ.”

ಅವನು ನನ್ನ ಮಾತನ್ನು ನಂಬಿದ. ಎರಡನೆಯ ಸಲ ಮೇಡಂ ಬಂದ ದಿನ ಹಾಗೆಯೇ ಮಾಡಿದ.

ಲೆಕ್ಕದ ಅರ್ಧದಲ್ಲಿ, ಸಮ ಅಂತ ಎರಡು ಗೆರೆ ಎಳೆಯುವಲ್ಲಿ, ಒಂದು ಗೆರೆ ಎಳೆದು ಕೈ ನಿಲ್ಲಿಸಿದನಂತೆ. ಮೊದಲು ಎರಡು ನಿಮಿಷ ಕ್ಲಾಸು ಸುಮ್ಮನಿತ್ತು. ಆಮೇಲೆ ಜೋಸ್ನಾಳ ಸ್ವರ ಕೇಳಿತು, “ಮಾಷ್ ಕೆಟ್ಟು ನಿಂತಿದ್ದಾರೆ.” ಬಸ್ಸು ಕೆಟ್ಟು ನಿಲ್ಲುತ್ತದಲ್ಲ, ಹಾಗೆ. ಒಬ್ಬ ಬಂದು ಕಣ್ಣಿನ ಎದುರು ಕೈ ಆಡಿಸಿ ನೋಡಿದ. ಇನ್ನೊಬ್ಬಳು ಬೆನ್ನಿಗೆ ಕಿವಿ ಇಟ್ಟು ಜೀವ ಉಂಟು ಅಂತ ವರದಿ ಕೊಟ್ಟಳು. ಇವನು ಅಲುಗಲಿಲ್ಲ. ಅಜ್ಜಿ ಹೇಳಿದ್ದಾರೆ. ಎತ್ತಿದ ಕೈ ಗೂಟದ ಹಾಗೆ ಕಂಡಿತು ಅಂತ ಯಾರೋ ಅದಕ್ಕೆ ಒದ್ದೆ ಕೊಡೆ ನೇತುಹಾಕಿದರು. ಇನ್ನೊಬ್ಬರು ತಮ್ಮದನ್ನೂ ಹಾಕಿದರು. ಗಂಟೆ ಹೊಡೆಯುವಾಗ ಎರಡು ಕೊಡೆ, ಒಂದು ಊಟದ ಚೀಲ ಹೊತ್ತುಕೊಂಡು, ತೋಳಿನಿಂದ ನೀರು ಇಳಿಸಿಕೊಂಡು ಇವನು ನಿಂತೇ ಇದ್ದ. ಹಿಂದಿನ ಬೆಂಚಿನಲ್ಲಿ ಮೇಡಂ ಒಂದು ಪುಟ ಮುಗಿಸಿ ಇನ್ನೊಂದಕ್ಕೆ ತಿರುಗಿಸಿದ್ದರು.

ಆ ಸಂಜೆ ಅವನ ಬಲಗೈ ಸರಿಯಾಗಿ ಕೆಳಗೆ ಇಳಿಯುತ್ತಿರಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ತಂದು ತೋಳಿಗೆ ತಿಕ್ಕಿದೆ. ಬೈದಿದ್ದರೆ ನನಗೂ ಸಮಾಧಾನ ಆಗುತ್ತಿತ್ತು.

“ಬೈಯಿ ಮಾರಾಯ. ಒಂದು ಮಾತಾದರೂ ಬೈಯಿ.”

“ನೀವು ಒಳ್ಳೆಯದಕ್ಕೇ ಹೇಳಿದ್ದಲ್ಲವಾ ಅಜ್ಜಿ.”

ನಾನು ತಪ್ಪು ಒಪ್ಪಿಕೊಳ್ಳುವ ಪೈಕಿ ಅಲ್ಲ. ಗಂಡ ಇದ್ದಾಗ ಅವರ ಎದುರೂ ಒಪ್ಪಿಕೊಂಡವಳಲ್ಲ. ಆದರೆ ಆವತ್ತು ಎಣ್ಣೆ ತಿಕ್ಕುತ್ತ ಯೋಚನೆ ಮಾಡಿದೆ. ನನ್ನ ಸೌಟಿನಲ್ಲಿ ಗಂಜಿ ಇತ್ತು. ಇವನ ಚಾಕಿನಲ್ಲಿ ಎಂಥ ಉಂಟು? ಲೆಕ್ಕ ನಿಂತರೆ ಯಾವ ಮಗುವಿಗೆ ಹೊಟ್ಟೆ ಚುರುಗುಟ್ಟುತ್ತದೆ? ಅವಕ್ಕೆ ಸಂತೋಷವೇ.

“ತಪ್ಪು ನನ್ನದೇ” ಅಂದೆ. “ಆ ಮಕ್ಕಳಿಗೆ ಎಂಥದರ ಹಸಿವು ಅಂತ ನಾವು ನೋಡಲೇ ಇಲ್ಲ.”

ಅವನ ಮೀಸೆಯ ಒಳಗೆ ಒಂದು ನಗು ಬಂತು. “ಅಜ್ಜಿ, ಕೊನೆಗೆ ಕೊಡೆ ತೆಗೆಯಲಿಕ್ಕೆ ಬಂದದ್ದು ಜೋಸ್ನಾ. ಕೈ ಹಿಡಿದು ಮೆಲ್ಲ ಇಳಿಸಿದ್ದೂ ಅವಳೇ. ಇಳಿಸಿ ಎಂಥ ಹೇಳಿದಳು ಗೊತ್ತುಂಟಾ? ‘ಮಾಷೇ, ಇಪ್ಪತ್ತೇಳು ನಿಮಿಷ. ನಾನು ಹತ್ತು ಅಂತ ಅಂದಾಜು ಮಾಡಿದ್ದೆ.’ ಇಡೀ ಬೆಂಚಿನವರ ಅಂದಾಜು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ನನ್ನ ಪಿರಿಯಡ್ಡಿನಲ್ಲಿ ಅವಳು ನೋಟ್‌ಬುಕ್ಕು ತೆರೆದದ್ದು ಅದೇ ಮೊದಲು.”

“ಬರೆದದ್ದು ಯಾಕೆ?”

“ಯಾರದ್ದು ಸರಿ ಅಂತ ಗೊತ್ತಾಗಬೇಕಲ್ಲ.”

ಇಷ್ಟು ಹೇಳಿದವನು ಅಲ್ಲಿಗೇ ಮಾತು ನಿಲ್ಲಿಸಿ, ಎಣ್ಣೆಯ ಕೈಯಲ್ಲೇ ಎದ್ದು ಮಹಡಿ ಹತ್ತಿದ. ನನ್ನ ಗೋಡೆಗೆಲ್ಲ ಎಣ್ಣೆ.

ಎರಡೂ ಸಲ ಫೇಲಾದ ಸುದ್ದಿ ಫೋರ್ಟ್ ಕೊಚ್ಚಿಗೂ ಮುಟ್ಟಿತು. ಅದೇ ವಾರ ಭಾವನ ಹೋಟೆಲಿನಿಂದ ಒಂದು ಕೋಟು ಬಂತು. ಮರೂನ್ ಬಣ್ಣದ್ದು, ಚಿನ್ನದ ಬಣ್ಣದ ಗುಂಡಿಗಳು, ಹೆಗಲಿಗೆ ಕುಚ್ಚು. ಬಾಗಿಲಲ್ಲಿ ನಿಲ್ಲುವವನಿಗೆ ಅಂತಲೇ ಅಳತೆಗೆ ಹೊಲಿಸಿದ್ದು. ಹಾಕಿ ನೋಡು ಅಂದೆ. ಹಾಕಿದ. ಹಾಳಾದ್ದು, ಬಹಳ ಚಂದ ಕಾಣುತ್ತಿತ್ತು. ಮಿನ್ನು ಸುತ್ತ ಓಡಿ ಸಲ್ಯೂಟು ಹೊಡೆದಳು. ಅವನು ಕನ್ನಡಿಯಲ್ಲಿ ನೋಡಿಕೊಂಡು ಬಿಚ್ಚಿ ಗೂಟಕ್ಕೆ ಹಾಕಿದ. ಅದು ಅಡುಗೆಮನೆಯ ಎದುರೇ ನೇತಾಡುತ್ತಿತ್ತು. ಮೂರನೆಯ ಸಲದ ದಿನ ಹತ್ತಿರ ಬಂದ ಹಾಗೆಲ್ಲ ಅವನು ಅದನ್ನು ನೋಡದೆ ಉಣ್ಣಲಿಕ್ಕೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ನಾನು ಒಳಗೆ ನಿಂತು ಅವನ ಬೆನ್ನು ನೋಡುತ್ತಿದ್ದೆ. ಆ ಕೋಟಿನ ಮೇಲೆ ನನಗೂ ಹಟ ಹುಟ್ಟಿತು. ಇವನು ಫೇಲಾದರೆ ಅದರಲ್ಲಿ ಅರ್ಧ ನನ್ನ ಸೌಟಿನದ್ದು.

ಮೂರನೆಯ ದಿನ ಬೆಳಿಗ್ಗೆ ಫೈಲು ಮನೆಯಲ್ಲೇ ಬಿಟ್ಟು ಹೋದ. ಮರೆತ ಅಂತ ನಾನು ಹಿಂದಿನಿಂದ ಕೂಗಿದೆ. “ಇರಲಿ ಅಜ್ಜಿ, ಅದು ಭಾರ” ಅಂದ.

ಕ್ಲಾಸಿನಲ್ಲಿ ಇವನು ಬೋರ್ಡಿನ ಎದುರು ನಿಂತು, ಈಗ ನಾನು ಒಂಟಿ ಕಾಲಿನಲ್ಲಿ ನಿಲ್ಲುತ್ತೇನೆ, ಎಷ್ಟು ಹೊತ್ತು ನಿಲ್ಲುತ್ತೇನೆ ಅಂತ ಎಲ್ಲರೂ ಅಂದಾಜು ಬರೆಯಬೇಕು ಅಂದನಂತೆ. ಪಾಠ ಸರಾಸರಿ. ಎಲ್ಲರ ಅಂದಾಜು ಕೂಡಿಸಿ ಸರಾಸರಿ ತೆಗೆದು, ಅದು ನಿಜಕ್ಕೆ ಎಷ್ಟು ಹತ್ತಿರ ಬರುತ್ತದೆ ಅಂತ ನೋಡುವುದು. ಒಂದೇ ಷರತ್ತು. ಶಬ್ದ ಆದರೆ ಮಾಷ್ಟ್ರ ಕಾಲು ತಪ್ಪುತ್ತದೆ, ಕಾಲು ತಪ್ಪಿದರೆ ಯಾರದ್ದು ಸರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಷ್ಟೇ. ಕೊಡೆ ನೇತುಹಾಕಿದ ಅದೇ ಕ್ಲಾಸು. ಒಬ್ಬ ಕೆಮ್ಮಿದ್ದಕ್ಕೆ ಆರು ಜನ ಅವನ ಬಾಯಿ ಮುಚ್ಚಿದರು. ಕಿಟಕಿಯ ಹೊರಗೆ ಹೋಗುತ್ತಿದ್ದ ಪಿಯೂನನ್ನು ಜೋಸ್ನಾ ಬೆರಳು ತುಟಿಗಿಟ್ಟು ನಿಲ್ಲಿಸಿದಳು. ಇವನು ಕಾಲು ಎತ್ತುವ ಮೊದಲೇ ಮಕ್ಕಳು ಚಪ್ಪಲಿ ಬಿಚ್ಚಿಟ್ಟು ಬಂದು ಬೋರ್ಡಿನಲ್ಲಿ ಅಂದಾಜು ಬರೆದರು. ಆಮೇಲೆ ಜೋಸ್ನಾ ಮೆಲ್ಲ ಹಿಂದಿನ ಬೆಂಚಿಗೆ ಹೋಗಿ ಮೇಡಂನ ಎದುರು ಚಾಕ್ ಹಿಡಿದಳು. ಮೇಡಂ ಸುತ್ತ ನೋಡಿ, ಎದ್ದು ಬಂದು, ಎರಡು ನಿಮಿಷ ಅಂತ ಬರೆದರಂತೆ.

ಇವನು ನಿಂತದ್ದು ಹನ್ನೊಂದು ನಿಮಿಷ. ಹದಿನೆಂಟು ದಿನ ನಮ್ಮ ಟೆರೇಸಿನಲ್ಲಿ ಅಭ್ಯಾಸ ಮಾಡಿದ್ದ, ನಾನು ಯೋಗ ಅಂತ ತಿಳಿದಿದ್ದೆ. ಇಡೀ ಕ್ಲಾಸಿನಲ್ಲಿ ಎಲ್ಲಕ್ಕಿಂತ ತಪ್ಪು ಅಂದಾಜು ಮೇಡಂನದ್ದು. ಸರಾಸರಿ ಯಾಕೆ ಇಷ್ಟು ಕೆಳಗೆ ಬಂತು ಅಂತ ಇವನು ಕೇಳಿದಾಗ ಎಲ್ಲರೂ ತಿರುಗಿ ಅವರನ್ನೇ ನೋಡಿದರಂತೆ. ಕಾಲು ನೋಡಲಿಕ್ಕೆ ಅಂತ ಎದ್ದ ಮಕ್ಕಳಿಗೆ ಕೂತ್ಕೊ ಅನ್ನಲಿಕ್ಕೆ ಮಾತ್ರ ಇವನಿಂದ ಆವತ್ತೂ ಆಗಲಿಲ್ಲ. ನಲವತ್ತು ಜನ ನಿಂತುಕೊಂಡೇ ಲೆಕ್ಕ ಮಾಡಿದರು.

ಪಾಸಾದ. ಮೇಡಂ ಕಾಗದದಲ್ಲಿ ಬರೆದದ್ದು ಎರಡೇ ಸಾಲು: ತರಗತಿ ನಿಶ್ಶಬ್ದ. ಶಿಕ್ಷಕರು ಒಂಟಿ ಕಾಲಿನಲ್ಲಿ.

ಆ ದಿನ ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಗೂಟದಿಂದ ಕೋಟು ತೆಗೆದದ್ದು. ವಾಪಸ್ಸು ಕಳಿಸಬೇಕು ಅಂತ ಅಂದವಾಗಿ ಮಡಚಿ ನೆಲದ ಮೇಲೆ ಇಟ್ಟ, ಕಾಗದ ಹುಡುಕಲಿಕ್ಕೆ ಒಳಗೆ ಹೋದ. ತಿರುಗಿ ಬರುವಾಗ ಬೆಕ್ಕು ಕುರ್ಚಿಯಿಂದ ಇಳಿದು, ಕೋಟನ್ನು ನಾಲ್ಕು ಸಲ ತುಳಿದು ಮೆತ್ತಗೆ ಮಾಡಿ, ಚಿನ್ನದ ಗುಂಡಿಗಳ ಮೇಲೆ ಸುತ್ತಿ ಮಲಗಿತ್ತು. ಚಂದ್ರಹಾಸ ಬೆಕ್ಕನ್ನು ನೋಡಿದ. ಖಾಲಿ ಕುರ್ಚಿಯನ್ನು ನೋಡಿದ. ಹೋಗಿ ಪೂರ್ತಿ ಹಿಂದಕ್ಕೆ ಒರಗಿ ಕೂತ.

“ಕೋಟು?” ಅಂತ ಕೇಳಿದೆ.

“ಅಲ್ಲಿ ಮಲಗಲಿಕ್ಕೆ ಅದಕ್ಕೂ ಒಂದು ಕಾರಣ ಇರಬಹುದು” ಅಂದ.

ಅವನ ಓದು ಮುಗಿಯಿತು, ಕೋಣೆ ಖಾಲಿ ಆಯಿತು. ಹೊರಡುವಾಗ ಕಾಲಿಗೆ ಬಿದ್ದ. ಏಳು ಮಾರಾಯ, ಬಸ್ಸು ತಪ್ಪುತ್ತದೆ ಅಂದೆ. ಮಿನ್ನು ಎರಡು ದಿನ ಮುಖ ಊದಿಸಿದ್ದಳು. ಮರು ವರ್ಷ ಅಳಿಯನಿಗೆ ತಿರುವನಂತಪುರದ ಐಟಿ ಪಾರ್ಕಿಗೆ ವರ್ಗ ಆಯಿತು, ನಾವೂ ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋದೆವು. ಅಲ್ಲಿಗೆ ಒಂದು ದಿನ ಅವನ ಫೋನು. ತಿರುವನಂತಪುರದ ಬದಿಯ ವಿಳಿಂಜದ ಶಾಲೆಯಲ್ಲಿ ಒಂದು ವರ್ಷಕ್ಕೆ ಅಂತ ಕೆಲಸ ಸಿಕ್ಕಿದೆ, “ತೊಂದರೆ ಇಲ್ಲದಿದ್ದರೆ ಒಮ್ಮೆ ಬಂದು ನೋಡಬಹುದಲ್ಲ ಅಜ್ಜಿ” ಅಂದ. ಇವನು ಬದಲಾಗಿಲ್ಲ ಅಂದುಕೊಂಡೆ. ನಾನು ಅವನನ್ನು ಕಡೆಗೆ ನೋಡಿದ್ದು ಅಲ್ಲಿಯೇ. ಆ ವರ್ಷ ಮುಗಿದ ಮೇಲೆ ಅವನಿಗೆ ಊರ ಕಡೆ ಎಲ್ಲೋ ಶಾಲೆ ಸಿಕ್ಕಿತು. ನನ್ನ ಮೊಣಕಾಲಿಗೆ ಇನ್ನು ಅಷ್ಟು ದೂರದ ರೈಲು ಹತ್ತುವ ಆಸೆ ಇಲ್ಲ.

ವಿಳಿಂಜದ ಬಸ್ಸು ಇಳಿದರೆ ಮೀನಿನ ವಾಸನೆ, ಊರ ಕಡೆ ಬಂದ ಹಾಗೆಯೇ ಆಯಿತು. ಶಾಲೆಯ ಕಿಟಕಿಯಿಂದ ಬಂದರಿನ ದೊಡ್ಡ ದೊಡ್ಡ ಕ್ರೇನು ಕಾಣುತ್ತದೆ. ಮಕ್ಕಳು ಹೆಚ್ಚಿನವರು ಮೀನುಗಾರರ ಮನೆಯವರು, ದೋಣಿಯ ಇಂಜಿನ್ನಿನ ಶಬ್ದದಲ್ಲೂ ಕೇಳುವ ಹಾಗೆ ಮಾತಾಡಿ ಅಭ್ಯಾಸ. ಹೆಡ್ ಟೀಚರ ಹತ್ತಿರ ಇವನು ಮೊದಲೇ ಕೇಳಿ ಇಟ್ಟಿದ್ದ. ನಾನೂ ಶಾಲೆಯಲ್ಲಿ ಕೆಲಸ ಮಾಡಿದವಳು ಅಂತ ಅವರು ಒಪ್ಪಿ, ಅವನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಒಂದು ಜಾಗ ತೋರಿಸಿದರು. ಬೆಂಚು ನನ್ನ ಕಾಲದ್ದಕ್ಕಿಂತ ಅಗಲ ಉಂಟು. ಪಕ್ಕದಲ್ಲಿ ಒಂದು ಕಪ್ಪು ಹುಡುಗಿ, ಮುಷ್ಟಿಯಲ್ಲಿ ಹುಣಸೆಹಣ್ಣು.

ಅವನು ಒಳಗೆ ಬಂದ. ಅದೇ ಮೀಸೆ, ಅದೇ ತಲೆ ಬಗ್ಗಿಸುವುದು. ಬೋರ್ಡಿನಲ್ಲಿ ಐದು ದೋಣಿ ಬರೆದ, ಒಂದೊಂದು ದೋಣಿಯ ಕೆಳಗೆ ಅದು ತಂದ ಮೀನಿನ ಬುಟ್ಟಿ ಎಷ್ಟು ಅಂತ ಬರೆದ. ನನಗೆ ಅಷ್ಟರಲ್ಲಿ ಪಕ್ಕದವಳ ಹೆಸರು ಬೇಕಾಯಿತು. ಕೇಳಿದೆ. ಅಪ್ಪನ ದೋಣಿ ಯಾವುದು ಅಂತ ನನ್ನ ಅರೆಬರೆ ಮಲಯಾಳದಲ್ಲಿ ಕೇಳಿದೆ. ಈಗ ಮತ್ತಿ ಮೀನು ಸಿಗುತ್ತದಾ ಅಂತ ಕೇಳಿದೆ. ಸಿಗುತ್ತದೆ ಅಂದಳು. ಹಾಗಾದರೆ ಅದಕ್ಕೆ ನಿಮ್ಮ ಅಮ್ಮ ಹುಣಸೆ ಹಾಕುತ್ತಾಳಾ, ಈ ಕಡೆಯ ಕಪ್ಪು ಹುಳಿ ಕೊಡಂಪುಳಿಯಾ ಅಂತ ಶುರು ಮಾಡಿ, ನಮ್ಮ ಕಡೆ ಹೇಗೆ ಮಾಡುವುದು ಅಂತ ಹೇಳಲಿಕ್ಕೆ ಹೊರಟೆ. ಹತ್ತೊಂಬತ್ತು ವರ್ಷ ಅಡುಗೆಶಾಲೆಯಲ್ಲಿ ಇದ್ದ ಸ್ವರ ನನ್ನದು. ಪಿಸುಗುಟ್ಟಿದರೂ ರಸ್ತೆಗೆ ಕೇಳುತ್ತದೆ. ಮೆಣಸು ಹುರಿಯುವವರೆಗೆ ಬಂದಿದ್ದೆ. ಆಗ ಕ್ಲಾಸಿನಲ್ಲಿ ನನ್ನ ಸ್ವರ ಒಂದೇ ಇರುವುದು ನನಗೇ ಕೇಳಿತು.

ತಲೆ ಎತ್ತಿ ನೋಡಿದೆ. ಐದನೇ ದೋಣಿಯ ಹತ್ತಿರ ಚಾಕ್ ಗಾಳಿಯಲ್ಲಿ ನಿಂತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಬೋರ್ಡನ್ನೇ ನೋಡುತ್ತಿದ್ದ. ಆದರೆ ನಲವತ್ತು ತಲೆಗಳು ತಿರುಗಿ ನನ್ನನ್ನೇ ನೋಡುತ್ತಿದ್ದವು. ಐದನೇ ದೋಣಿಗೆ ಎಷ್ಟು ಬುಟ್ಟಿ ಅಂತ ಅವಕ್ಕೆ ಗೊತ್ತಾಗಬೇಕಿತ್ತು, ನಡುವೆ ನನ್ನ ಬಾಯಿ. ಮುಂದಿನ ಬೆಂಚಿನ ಒಬ್ಬಳು ತುಟಿಗೆ ಬೆರಳಿಟ್ಟಳು.

ನನಗೆ ಮುಖ ಬಿಸಿಯಾಯಿತು. ಇಂಥಾದ್ದಕ್ಕೆ ನಾನು ಮಾಡುವುದು ಒಂದೇ ಕೆಲಸ, ನನಗೆ ಗೊತ್ತಿರುವುದೂ ಅದೊಂದೇ. ಕೊಡೆ ತೆಗೆದುಕೊಂಡು ಎದ್ದೆ. “ನೀನು ಪಾಠ ಮಾಡು ಮಾರಾಯ, ನಾನು ಹೊರಗೆ ನಿಲ್ಲುತ್ತೇನೆ” ಅಂತ ಕನ್ನಡದಲ್ಲಿ ಹೇಳಿ ಬಾಗಿಲ ಕಡೆ ಹೊರಟೆ.

ಅವನು ಚಾಕ್ ಇಳಿಸಿದ. ತಿರುಗಿದ.

“ಅಜ್ಜಿ” ಅಂದ. “ಕೂತ್ಕೊ.”

ಕೂತ್ಕೊಳ್ಳಿ ಅಲ್ಲ. ತೊಂದರೆ ಇಲ್ಲದಿದ್ದರೆ ಅಲ್ಲ. ಸ್ವರ ಏರಿಸಲೂ ಇಲ್ಲ. ಆ ಮಕ್ಕಳಲ್ಲಿ ಒಬ್ಬರಿಗೂ ಕನ್ನಡ ಬಾರದು, ಆದರೂ ಹಿಂದಕ್ಕೆ ತಿರುಗಿ ನೋಡಲಿಕ್ಕೆ ಎದ್ದು ನಿಂತಿದ್ದ ಇಬ್ಬರು ದಡಕ್ಕನೆ ಕೂತರು.

ನಾನೂ ಕೂತೆ. ಬೇರೆ ಎಂಥ ಮಾಡುವುದು. ಅವನು ಐದನೇ ದೋಣಿಯ ಕೆಳಗೆ ಬುಟ್ಟಿ ಬರೆದ, ಮಕ್ಕಳು ಕೂಡಿಸಿದರು, ನಾನು ಬೆರಳಿನಲ್ಲಿ ಕೂಡಿಸಿದೆ. ಗಂಟೆ ಹೊಡೆಯುವವರೆಗೆ ಬಾಯಿ ತೆರೆಯಲಿಲ್ಲ. ನಡುವೆ ಪಕ್ಕದ ಹುಡುಗಿ ಬೆಂಚಿನ ಕೆಳಗಿನಿಂದ ಸ್ವಲ್ಪ ಹುಣಸೆಹಣ್ಣು ಕೊಟ್ಟಳು. ಅದನ್ನು ಮಾತ್ರ ತಿಂದೆ, ಬೀಜ ಸಹಿತ, ಉಗುಳಿದರೆ ಶಬ್ದ ಆಗುತ್ತದಲ್ಲ ಅಂತ.